ಪ್ರಜಾಪ್ರಭುತ್ವ ಮತ್ತು ಹೊರಗಿನ ನೆರಳು: ಕೆಲವು ವಿಚಾರಗಳು

ಕನ್ನಡ ವಿಭಾಗವೊಂದರ ಸಂಸ್ಮರಣ ಸಂಪುಟದಲ್ಲಿ ದೇಶದೇಶಗಳ ರಾಜಕಾರಣದ ಮಾತೇಕೆ ಎಂಬ ಪ್ರಶ್ನೆ ಸಹೃದಯರಲ್ಲಿ ಏಳುವುದು ಸಹಜ. ಶಾಸನ, ಛಂದಸ್ಸು, ಕಾದಂಬರಿ, ಜಾನಪದ ಇವುಗಳ ಚರ್ಚೆಯೇ ಇಂಥ ಸಂಪುಟಗಳ ವಾಡಿಕೆ. ಆದರೆ ನಾನು ಇಲ್ಲಿ ಎತ್ತಿಕೊಂಡಿರುವ ವಿಷಯದ ಒಂದು ಬೇರು ವಿಶ್ವವಿದ್ಯಾಲಯದ ಪ್ರಕಟಣಾಲಯದಲ್ಲಿದೆ, ವಿದ್ವತ್ಪತ್ರಿಕೆಯ ಪುಟಗಳಲ್ಲಿದೆ. ಬರೆಯುವವರು, ಬೋಧಿಸುವವರು, ಸಂಪಾದಿಸುವವರು ತಮ್ಮ ತಮ್ಮ ಮೇಜಿನ ಮುಂದೆ ಕುಳಿತು ಯಾರ ಗಮನಕ್ಕೂ ಬಾರದಂತೆ ಮಾಡುವ ಸಣ್ಣ ತೀರ್ಮಾನಗಳಲ್ಲಿದೆ. ಆದುದರಿಂದ ಇದು ನಮ್ಮ ಮನೆಯ ವಿಷಯವೂ ಹೌದು ಎಂದು ಭಾವಿಸಿ ಕೆಲವು ವಿಚಾರಗಳನ್ನು ಓದುಗರ ಮುಂದಿಡಬಯಸುತ್ತೇನೆ.

1

ಕೇಂಬ್ರಿಜ್ ಯೂನಿವರ್ಸಿಟಿ ಪ್ರೆಸ್ ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿ 1534ರಲ್ಲಿ ನೀಡಿದ ಸನ್ನದಿನಿಂದ ಹುಟ್ಟಿದ್ದು. ಜಗತ್ತಿನ ವಿಶ್ವವಿದ್ಯಾಲಯ ಪ್ರಕಾಶನಗಳಲ್ಲಿ ಅದೇ ಅತ್ಯಂತ ಹಳೆಯದು. 1960ರಲ್ಲಿ ಆರಂಭವಾದ 'ದಿ ಚೈನಾ ಕ್ವಾರ್ಟರ್ಲಿ' ಎಂಬ ಪ್ರತಿಷ್ಠಿತ ತ್ರೈಮಾಸಿಕವನ್ನು ಪ್ರಕಟಿಸುತ್ತಿರುವುದೂ ಇದೇ ಸಂಸ್ಥೆ. 2017ರ ಆಗಸ್ಟ್ ತಿಂಗಳಲ್ಲಿ ಒಂದು ಸಂಗತಿ ಹೊರಬಿದ್ದಿತು. ಚೀನಾದ ಆಮದು ಸಂಸ್ಥೆಯೊಂದರ ಕೋರಿಕೆಯ ಮೇರೆಗೆ ಈ ಪತ್ರಿಕೆಯ ಮುನ್ನೂರಕ್ಕೂ ಹೆಚ್ಚು ಲೇಖನಗಳು ಹಾಗೂ ಪುಸ್ತಕ ವಿಮರ್ಶೆಗಳು ಚೀನಾದ ಓದುಗರಿಗೆ ಅಂತರ್ಜಾಲದಲ್ಲಿ ಸಿಗದಂತೆ ಮಾಡಲಾಗಿತ್ತು. ತಿಯಾನನ್ಮೆನ್, ಸಾಂಸ್ಕೃತಿಕ ಕ್ರಾಂತಿ, ಟಿಬೆಟ್, ಷಿಂಜಿಯಾಂಗ್, ತೈವಾನ್, ಹಾಂಗ್‌ಕಾಂಗ್ ಇವು ಆ ಬರಹಗಳ ವಸ್ತು. ಇನ್ನುಳಿದ ಪ್ರಕಟಣೆಗಳಾದರೂ ಚೀನಾದ ವಿದ್ವಾಂಸರಿಗೆ ದೊರೆಯುತ್ತಿರಲಿ ಎಂಬ ಕಾರಣಕ್ಕೆ ಹಾಗೆ ಮಾಡಿದೆವು ಎಂಬುದು ಪ್ರಕಾಶನದ ಸಮರ್ಥನೆಯಾಗಿತ್ತು.

ಹಲವು ದೇಶಗಳ ವಿದ್ವಾಂಸರು ಪ್ರತಿಭಟಿಸಿದರು. ಸಹಿ ಸಂಗ್ರಹವಾಯಿತು, ಬಹಿಷ್ಕಾರದ ಮಾತೂ ಕೇಳಿಬಂದಿತು. ಆಗಸ್ಟ್ 21ರಂದು ಪ್ರಕಾಶನವು ತನ್ನ ನಿರ್ಧಾರವನ್ನು ಹಿಂತೆಗೆದುಕೊಂಡು ಎಲ್ಲ ಲೇಖನಗಳನ್ನೂ ಮರಳಿ ಒದಗಿಸುವುದಾಗಿ ಘೋಷಿಸಿತು. ಅದೇ ವರ್ಷದ ನವೆಂಬರಿನಲ್ಲಿ ಸ್ಪ್ರಿಂಗರ್ ನೇಚರ್ ಎಂಬ ಮತ್ತೊಂದು ದೊಡ್ಡ ಪ್ರಕಾಶನ ಸಂಸ್ಥೆ ತಾನೂ ಇಂಥದೇ ನಿರ್ಬಂಧ ಹಾಕಿರುವುದನ್ನು ಒಪ್ಪಿಕೊಂಡಿತು. ತನ್ನ ಪ್ರಕಟಣೆಗಳಲ್ಲಿ ಶೇ. 1ಕ್ಕಿಂತ ಕಡಿಮೆ ಭಾಗಕ್ಕೆ ಮಾತ್ರ ಇದು ಅನ್ವಯಿಸುತ್ತದೆ, ಸ್ಥಳೀಯ ನಿಯಮಗಳನ್ನು ಪಾಲಿಸುವುದು ಅನಿವಾರ್ಯ ಎಂದು ಹೇಳಿ ಅದು ತನ್ನ ನಿಲುವಿನಲ್ಲೇ ಉಳಿಯಿತು.

ಈ ಪ್ರಸಂಗದಲ್ಲಿ ಸೈನ್ಯ ಎಲ್ಲಿಯೂ ಬರುವುದಿಲ್ಲ, ಸೆರೆಮನೆಯೂ ಬರುವುದಿಲ್ಲ. ಒಂದು ಸಭ್ಯ ಕೋರಿಕೆ ಹಾಗೂ ಅದರ ಹಿಂದೆ ನಿಂತ ಒಂದು ವಿಶಾಲ ಮಾರುಕಟ್ಟೆ, ಇಷ್ಟೇ. ನಾಲ್ಕೂವರೆ ಶತಮಾನ ದಾಟಿದ ಸಂಸ್ಥೆಯೊಂದು ಬಾಗುವುದಕ್ಕೆ ಇಷ್ಟು ಸಾಕಾಯಿತು. ಶೇ. 1 ಎಂಬ ಲೆಕ್ಕವೂ ವಿಚಾರಾರ್ಹ. ಗ್ರಂಥಾಲಯದ ನೂರು ಪುಸ್ತಕಗಳಲ್ಲಿ ಒಂದನ್ನೇ ತೆಗೆದರೂ ಆ ಒಂದು ಯಾವುದು ಎಂಬುದನ್ನು ಆಳುವವರೇ ಆರಿಸುವುದಾದರೆ, ಉಳಿದ ತೊಂಬತ್ತೊಂಬತ್ತು ಪುಸ್ತಕಗಳೂ ಅವರ ಅನುಮತಿಯಿಂದಲೇ ಅಲ್ಲಿ ಉಳಿದಂತಾಗುತ್ತದೆ.

ದೂರದವರನ್ನು ದೂರುವುದು ಸುಲಭವಾದುದರಿಂದ ನನ್ನದೇ ಒಂದು ತಪ್ಪನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ. ಬಹಳ ವರ್ಷಗಳ ಹಿಂದೆ ವಿಚಾರಸಂಕಿರಣವೊಂದರ ಪ್ರಬಂಧಗಳನ್ನು ಸಂಪಾದಿಸುವ ಹೊಣೆ ನನ್ನ ಮೇಲೆ ಬಿದ್ದಿತ್ತು. ಒಬ್ಬ ಕಿರಿಯ ಲೇಖಕರ ಪ್ರಬಂಧದಲ್ಲಿ ಎರಡು ಪರಿಚ್ಛೇದಗಳು ಧನಸಹಾಯ ನೀಡಿದವರಿಗೆ ಇರುಸುಮುರುಸು ಉಂಟುಮಾಡಿಯಾವು ಎಂದು ನನಗೆ ತೋರಿತು. ಯಾರೂ ನನ್ನನ್ನು ಕೇಳಿರಲಿಲ್ಲ, ಯಾರೂ ಎಚ್ಚರಿಸಿರಲಿಲ್ಲ. ನಾನಾಗಿಯೇ ಅವನ್ನು ತೆಗೆದುಹಾಕಿ, 'ಸ್ಥಳಾಭಾವ' ಎಂದು ಆ ಲೇಖಕರಿಗೆ ಒಂದು ಕಾಗದ ಬರೆದೆ. ಪುಸ್ತಕ ಹೊರಬಂದಾಗ ಕೊನೆಯ ಮೂರು ಪುಟಗಳು ಖಾಲಿ ಉಳಿದಿದ್ದವು. ಕೇಂಬ್ರಿಜ್‌ನ ಸುದ್ದಿಯನ್ನು ಓದಿದ ದಿನ ನನಗೆ ನೆನಪಾದದ್ದು ಆ ಮೂರು ಖಾಲಿ ಪುಟಗಳು. ನಿರಂಕುಶ ಅಧಿಕಾರದ ಬಗ್ಗೆ ಮಾತನಾಡುವಾಗ ನಾವು ಮೊದಲು ನೋಡಬೇಕಾದದ್ದು ಅಪ್ಪಣೆ ಕೊಡುವ ಕೈಯನ್ನಷ್ಟೇ ಅಲ್ಲ, ಅಪ್ಪಣೆ ಬರುವ ಮೊದಲೇ ಪಾಲಿಸಿಬಿಡುವ ಮನಸ್ಸನ್ನೂ ಹೌದು.

2

ಅಮೆರಿಕದ ರಾಜ್ಯಶಾಸ್ತ್ರಜ್ಞ ಜೋಸೆಫ್ ನೈ 1990ರಲ್ಲಿ 'ಸಾಫ್ಟ್ ಪವರ್' ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಸೈನ್ಯದಿಂದಾಗಲಿ ಹಣದಿಂದಾಗಲಿ ಅಲ್ಲದೆ, ತನ್ನ ಸಂಸ್ಕೃತಿ ಮತ್ತು ಮೌಲ್ಯಗಳ ಆಕರ್ಷಣೆಯಿಂದ ಇತರರನ್ನು ಒಲಿಸಿಕೊಳ್ಳುವ ಶಕ್ತಿ ಎಂಬುದು ಅದರ ತಾತ್ಪರ್ಯ. 'ಮೃದುಬಲ' ಎಂದು ನಾವು ಅದನ್ನು ಕರೆಯಬಹುದು. 2017ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಎಂಡೋಮೆಂಟ್ ಫಾರ್ ಡೆಮಾಕ್ರಸಿ ಎಂಬ ಸಂಸ್ಥೆ ಹೊರತಂದ ವರದಿಯೊಂದು ಇದಕ್ಕೆ ಎದುರಾಗಿ 'ಶಾರ್ಪ್ ಪವರ್' ಎಂಬ ಮಾತನ್ನು ಬಳಕೆಗೆ ತಂದಿತು. ಇದನ್ನು 'ಚೂಪುಬಲ' ಎನ್ನೋಣ. ಮೃದುಬಲ ಒಲಿಸಿಕೊಳ್ಳುತ್ತದೆ, ಚೂಪುಬಲ ಚುಚ್ಚಿ ಒಳಹೋಗುತ್ತದೆ. ಅದು ಎದುರಾಳಿ ಸಮಾಜದ ಮನ ಗೆಲ್ಲಲು ಹೊರಟದ್ದಲ್ಲ. ಆ ಸಮಾಜದಲ್ಲಿ ಕೆಲವು ಮಾತುಗಳು ಕೇಳಿಸದಂತೆ ಮಾಡುವುದು, ಕೆಲವು ಸಂಶಯಗಳು ಬೆಳೆಯುವಂತೆ ಮಾಡುವುದು ಅದರ ಗುರಿ.

ಹಿಂದಿನ ಸರ್ವಾಧಿಕಾರಗಳು ತಮ್ಮ ಪ್ರಜೆಗಳ ಸುತ್ತ ಗೋಡೆ ಕಟ್ಟಿಕೊಂಡವು. ಇಂದಿನವು ಗೋಡೆಯನ್ನು ಉಳಿಸಿಕೊಂಡೇ ಪರರ ಅಂಗಳಕ್ಕೂ ಬರುತ್ತವೆ. ಮುಕ್ತ ಮಾರುಕಟ್ಟೆ, ಸ್ವತಂತ್ರ ಪತ್ರಿಕೆ, ತೆರೆದ ವಿಶ್ವವಿದ್ಯಾಲಯ, ಪೈಪೋಟಿಯ ಚುನಾವಣೆ ಇವು ಪ್ರಜಾಪ್ರಭುತ್ವದ ಹೆಗ್ಗಳಿಕೆಗಳು. ಅವೇ ಅದರೊಳಕ್ಕೆ ನುಸುಳುವ ದಾರಿಗಳೂ ಆಗಿವೆ. ಇಲ್ಲಿನ ಪತ್ರಿಕೆಯಲ್ಲಿ ಅಲ್ಲಿನ ಸರಕಾರ ಹಣ ಕೊಟ್ಟು ಪುಟ ತುಂಬಿಸಬಹುದು, ಅಲ್ಲಿನ ಪತ್ರಿಕೆಯಲ್ಲಿ ಇಲ್ಲಿನವರ ಒಂದು ಭಿನ್ನಮತದ ಸಾಲಿಗೂ ಎಡೆಯಿಲ್ಲ. ಈ ಅಸಮತೆಯೇ ಸಮಸ್ಯೆಯ ತಿರುಳು.

ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 'ಶಾರ್ಪ್ ಪವರ್' ಎಂಬ ಮಾತನ್ನು ರೂಪಿಸಿದ ಸಂಸ್ಥೆ ಅಮೆರಿಕದ ಸಂಸತ್ತಿನ ಅನುದಾನದಿಂದ ನಡೆದುಬಂದದ್ದು ಎಂಬುದನ್ನು ನಾವು ಮರೆಯಬಾರದು. 1953ರಲ್ಲಿ ಇರಾನಿನ ಪ್ರಧಾನಿ ಮೊಸಾದ್ದೆಕ್ ಅವರ ಸರಕಾರವನ್ನು ಉರುಳಿಸಿದ್ದರ ಹಿಂದೆ ಅಮೆರಿಕ ಹಾಗೂ ಬ್ರಿಟನ್ನುಗಳ ಗುಪ್ತಚರ ಸಂಸ್ಥೆಗಳ ಕೈವಾಡವಿತ್ತು ಎಂಬುದು ಇಂದು ದಾಖಲೆಗಳಿಂದ ಸಿದ್ಧವಾದ ಸಂಗತಿ. ತಮ್ಮ ಮನೆಯಲ್ಲಿ ಪ್ರಜಾಪ್ರಭುತ್ವವನ್ನು ಪೋಷಿಸಿದ ದೇಶಗಳೇ ಪರರ ಮನೆಯಲ್ಲಿ ಅದರ ಕುತ್ತಿಗೆ ಹಿಸುಕಿದ ಉದಾಹರಣೆಗಳು ಇತಿಹಾಸದಲ್ಲಿ ಸಾಕಷ್ಟಿವೆ. ಆದ್ದರಿಂದ ಇದನ್ನು ಪೂರ್ವ-ಪಶ್ಚಿಮಗಳ ಜಗಳವೆಂದಾಗಲಿ, ಒಳ್ಳೆಯ ದೇಶ-ಕೆಟ್ಟ ದೇಶಗಳ ಕಥೆಯೆಂದಾಗಲಿ ನೋಡುವುದು ತಪ್ಪಾದೀತು. ತನ್ನ ಬದುಕಿನ ಬಗ್ಗೆ ತಾನೇ ತೀರ್ಮಾನಿಸುವ ಹಕ್ಕು ಪ್ರಜೆಯ ಕೈಯಲ್ಲಿ ಉಳಿಯುತ್ತದೆಯೇ, ಇಲ್ಲವೇ ಎಂಬುದಷ್ಟೇ ಇಲ್ಲಿಯ ಪ್ರಶ್ನೆ. ಆ ಹಕ್ಕನ್ನು ಕಸಿಯುವವರು ಹೊರಗಿನವರೂ ಆಗಿರಬಹುದು, ಒಳಗಿನವರೂ ಆಗಿರಬಹುದು.

3

ಈ ಪ್ರಶ್ನೆಯನ್ನು ಜಗತ್ತಿನಲ್ಲಿ ಅತ್ಯಂತ ಹತ್ತಿರದಿಂದ ಎದುರಿಸುತ್ತಿರುವ ಸಮಾಜವೆಂದರೆ ತೈವಾನ್. ಸುಮಾರು 2.3 ಕೋಟಿ ಜನರಿರುವ ಈ ದ್ವೀಪವನ್ನು ಬೀಜಿಂಗ್ ತನ್ನದೆಂದು ಸಾಧಿಸುತ್ತ ಬಂದಿದೆ. ತೈವಾನ್ ಹುಟ್ಟಿನಿಂದಲೇ ಪ್ರಜಾಪ್ರಭುತ್ವವಾಗಿರಲಿಲ್ಲ ಎಂಬುದು ಗಮನಾರ್ಹ. 1949ರಿಂದ 1987ರವರೆಗೆ, ಮೂವತ್ತೆಂಟು ವರ್ಷ ಕಾಲ, ಅಲ್ಲಿ ಮಾರ್ಷಲ್ ಲಾ ಜಾರಿಯಲ್ಲಿತ್ತು. ಭಿನ್ನಮತೀಯರನ್ನು ಸೆರೆಗೆ ತಳ್ಳಿದ್ದು, ಕೊಂದದ್ದು ಅಲ್ಲಿಯ ಸ್ವಂತ ಸರಕಾರವೇ. ಅದರಿಂದ ಬಿಡಿಸಿಕೊಂಡು 1996ರ ಮಾರ್ಚಿಯಲ್ಲಿ ಆ ಜನ ಮೊದಲ ಬಾರಿಗೆ ತಮ್ಮ ಅಧ್ಯಕ್ಷರನ್ನು ನೇರವಾಗಿ ಆರಿಸಿಕೊಂಡರು. ಆ ಚುನಾವಣೆಗೆ ಮುನ್ನ ಚೀನಾ ದ್ವೀಪದ ಸಮೀಪದ ಕಡಲಿಗೆ ಕ್ಷಿಪಣಿಗಳನ್ನು ಹಾರಿಸಿತು. ಪರಿಣಾಮ ತಿರುಗುಮುರುಗಾಯಿತು. ಯಾರನ್ನು ಸೋಲಿಸಬೇಕೆಂದು ಬೀಜಿಂಗ್ ಬಯಸಿತ್ತೋ ಆ ಲೀ ತೆಂಗ್-ಹುಯಿ ಅವರು ಅರ್ಧಕ್ಕಿಂತ ಹೆಚ್ಚು ಮತ ಪಡೆದು ಗೆದ್ದರು.

ಕಣ್ಣಿಗೆ ಕಾಣುವ ಕ್ಷಿಪಣಿ ಜನರನ್ನು ಒಗ್ಗೂಡಿಸುತ್ತದೆ; ಕಣ್ಣಿಗೆ ಕಾಣದ ವದಂತಿ ಒಡೆಯುತ್ತದೆ. ಇದಕ್ಕೆ 2018ರ ಸೆಪ್ಟೆಂಬರಿನ ಒಂದು ದುರಂತ ಸಾಕ್ಷಿ. ಚಂಡಮಾರುತದಿಂದ ಜಪಾನಿನ ಒಸಾಕಾ ಬಳಿಯ ಕನ್ಸಾಯ್ ವಿಮಾನ ನಿಲ್ದಾಣದಲ್ಲಿ ಸಾವಿರಾರು ಪ್ರಯಾಣಿಕರು ಸಿಕ್ಕಿಬಿದ್ದರು. ಚೀನಾದ ರಾಯಭಾರ ಕಚೇರಿ ಬಸ್ಸುಗಳನ್ನು ಕಳಿಸಿ ತನ್ನವರನ್ನು ಬಿಡಿಸಿಕೊಂಡಿತು, ತೈವಾನಿನ ಅಧಿಕಾರಿಗಳು ಕೈಕಟ್ಟಿ ಕುಳಿತರು ಎಂಬ ಸುದ್ದಿ ಅಂತರ್ಜಾಲದಲ್ಲಿ ಹಬ್ಬಿತು. ವಾಸ್ತವದಲ್ಲಿ ಬಸ್ಸುಗಳನ್ನು ಏರ್ಪಡಿಸಿದ್ದು ವಿಮಾನ ನಿಲ್ದಾಣವೇ. ಆದರೆ ಸತ್ಯ ಹೊಸ್ತಿಲು ದಾಟುವ ಮೊದಲೇ ನಿಂದೆ ಊರೆಲ್ಲ ಸುತ್ತಿ ಬಂದಿತ್ತು. ಒಸಾಕಾದಲ್ಲಿದ್ದ ತೈವಾನಿನ ಹಿರಿಯ ಪ್ರತಿನಿಧಿ ಕೆಲವೇ ದಿನಗಳಲ್ಲಿ ಆತ್ಮಹತ್ಯೆ ಮಾಡಿಕೊಂಡರು.

ಈ ಪ್ರಸಂಗದ ಉತ್ತರಭಾಗ ಇನ್ನೂ ಮುಖ್ಯವಾದುದು. ಒಸಾಕಾದ ಕಚೇರಿಯನ್ನು ಹಳಿಯುವ ಬರಹಗಳನ್ನು ಹಣ ಕೊಟ್ಟು ಹರಡಿಸಿದರೆಂಬ ಆರೋಪ 2019ರ ಡಿಸೆಂಬರಿನಲ್ಲಿ ತೈವಾನಿನವರ ಮೇಲೆಯೇ ಹೊರಿಸಲ್ಪಟ್ಟಿತು. ಅದೂ ಬೀಜಿಂಗ್ ವಿರೋಧಿ ಎನಿಸಿಕೊಂಡಿದ್ದ ಆಳುವ ಪಕ್ಷದ ಪರವಾಗಿದ್ದವರ ಮೇಲೆ! ಕಿಡಿ ಹೊರಗಿನದಿರಬಹುದು, ಒಣಹುಲ್ಲು ಮನೆಯದೇ ಆಗಿತ್ತು. ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎಂಬ ನಮ್ಮ ಗಾದೆ ಇಂಥ ಸಂದರ್ಭಕ್ಕೆಂದೇ ಹುಟ್ಟಿದಂತಿದೆ. ಹೊರಗಿನ ಪ್ರಭಾವವು ಹೊಸ ಬಿರುಕುಗಳನ್ನು ಸೃಷ್ಟಿಸುವುದು ಅಪರೂಪ. ನಮ್ಮ ಗೋಡೆಯಲ್ಲಿ ಮೊದಲೇ ಇರುವ ಬಿರುಕುಗಳಲ್ಲಿ ಅದು ಬೇರು ಬಿಡುತ್ತದೆ.

ತೈವಾನ್ ಇದಕ್ಕೆ ಕಂಡುಕೊಂಡ ಉತ್ತರಗಳಲ್ಲಿ ಅತ್ಯುತ್ತಮವಾದವು ಸರಕಾರದ ಕಾಯಿದೆಯಿಂದ ಬಂದವಲ್ಲ. ಅಲ್ಲಿಯ ಉತ್ಸಾಹಿ ತಂತ್ರಜ್ಞರ ಬಳಗವೊಂದು 'ಕೋಫ್ಯಾಕ್ಟ್ಸ್' ಎಂಬ ವ್ಯವಸ್ಥೆಯನ್ನು ರೂಪಿಸಿತು. ಯಾರಿಗಾದರೂ ಸಂಶಯಾಸ್ಪದ ಸಂದೇಶ ಬಂದರೆ ಅದನ್ನು ಅಲ್ಲಿಗೆ ಕಳಿಸಬಹುದು. ಸ್ವಯಂಸೇವಕರು ಅದರ ನಿಜಾಂಶವನ್ನು ಪರಿಶೀಲಿಸಿ, ಆಧಾರಸಹಿತ ಉತ್ತರ ಬರೆದಿಡುತ್ತಾರೆ. 2018ರಲ್ಲಿ ಪತ್ರಿಕೋದ್ಯಮದವರು ಸೇರಿ ತೈವಾನ್ ಫ್ಯಾಕ್ಟ್‌ಚೆಕ್ ಸೆಂಟರ್ ಎಂಬ ಸಂಸ್ಥೆಯನ್ನು ಕಟ್ಟಿದರು. ಇಲ್ಲಿ ಯಾರ ಬಾಯಿಯನ್ನೂ ಮುಚ್ಚಿಸುವುದಿಲ್ಲ. ಸುಳ್ಳಿನ ಪಕ್ಕದಲ್ಲಿ ನಿಜವನ್ನು ತಂದು ನಿಲ್ಲಿಸುತ್ತಾರೆ, ಅಷ್ಟೇ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ರುಚಿಸುವಂಥ ಇನ್ನೊಂದು ಉದಾಹರಣೆ ಇದೆ. 2020ರ ಆರಂಭದಲ್ಲಿ, ಕೋವಿಡ್ ರೋಗ ಹಬ್ಬುತ್ತಿದ್ದಾಗ, ಮುಖಗವಸು ತಯಾರಿಸಲು ಶೌಚಕಾಗದದ ಕಚ್ಚಾವಸ್ತುವನ್ನೇ ಬಳಸುತ್ತಿದ್ದಾರೆ, ಇನ್ನು ಕಾಗದ ಸಿಗದು ಎಂಬ ವದಂತಿ ಹಬ್ಬಿ ಜನ ಅಂಗಡಿಗಳಿಗೆ ಮುಗಿಬಿದ್ದರು. ಪ್ರಧಾನಿ ಸು ತ್ಸೆಂಗ್-ಚಾಂಗ್ ಒಂದು ವ್ಯಂಗ್ಯಚಿತ್ರವನ್ನು ಪ್ರಕಟಿಸಿದರು. ಅದರಲ್ಲಿ ಅವರೇ ಬೆನ್ನು ತಿರುಗಿಸಿ ಅಂಡು ಕುಣಿಸುತ್ತಿದ್ದಾರೆ. ನಮ್ಮೆಲ್ಲರಿಗೂ ಇರುವುದು ಒಂದೊಂದೇ ತಾನೆ ಎಂಬ ಅರ್ಥದ ಬರಹ ಅದರ ಜೊತೆಗಿದೆ. ಚೀನೀ ಭಾಷೆಯಲ್ಲಿ 'ಕೂಡಿಡು' ಎಂಬ ಪದಕ್ಕೂ 'ಅಂಡು' ಎಂಬ ಪದಕ್ಕೂ ಉಚ್ಚಾರ ಒಂದೇ, 'ತುನ್'. ಶ್ಲೇಷೆಯ ಸೊಗಸಿಗೆ ಜನ ನಕ್ಕರು. ಚಿತ್ರದ ಜೊತೆಗೆ ಮುಖಗವಸಿಗೂ ಶೌಚಕಾಗದಕ್ಕೂ ಕಚ್ಚಾವಸ್ತು ಬೇರೆ ಬೇರೆ ಎಂಬ ವಿವರವಿತ್ತು, ಅದನ್ನೂ ಓದಿದರು. ತನ್ನನ್ನು ತಾನೇ ನಗೆಗೀಡು ಮಾಡಿಕೊಳ್ಳಬಲ್ಲ ಅಧಿಕಾರವನ್ನು ಜನ ನಂಬುತ್ತಾರೆ. ಸರ್ವಾಧಿಕಾರಿಗೆ ಎಂದೂ ಕೈಗೂಡದ ವಿದ್ಯೆ ಇದೊಂದೇ ಇರಬೇಕು.

2024ರ ಜನವರಿ 13ರ ಅಧ್ಯಕ್ಷೀಯ ಚುನಾವಣೆಯ ಮತ ಎಣಿಕೆಯ ಕ್ರಮವನ್ನೂ ಇಲ್ಲಿ ನೆನೆಯಬೇಕು. ಅಲ್ಲಿ ಮತದಾನ ಮುಗಿದೊಡನೆ ಅದೇ ಮತಗಟ್ಟೆಯಲ್ಲಿ ಎಣಿಕೆ ತೊಡಗುತ್ತದೆ. ಒಂದೊಂದೇ ಮತಪತ್ರವನ್ನು ಎತ್ತಿ ಹಿಡಿದು, ನೆರೆದವರಿಗೆಲ್ಲ ತೋರಿಸಿ, ಯಾರಿಗೆ ಬಿದ್ದ ಮತವೆಂದು ಗಟ್ಟಿಯಾಗಿ ಕೂಗುತ್ತಾರೆ. ಗೋಡೆಗೆ ಅಂಟಿಸಿದ ಹಾಳೆಯ ಮೇಲೆ ಐದು ಗೆರೆಗಳ ಒಂದು ಚೀನೀ ಅಕ್ಷರದ ಗೆರೆಗಳನ್ನು ಒಂದೊಂದಾಗಿ ಎಳೆಯುತ್ತ ಲೆಕ್ಕವಿಡುತ್ತಾರೆ. ಆ ಅಕ್ಷರದ ಅರ್ಥ 'ನೇರವಾದದ್ದು, ಸರಿಯಾದದ್ದು' ಎಂದು. ಯಾವ ಪ್ರಜೆಯಾದರೂ ನಿಂತು ನೋಡಬಹುದು. ಎಣಿಕೆಯಲ್ಲಿ ಮೋಸವಾಯಿತೆಂದು ಸಾರುವ ದೃಶ್ಯತುಣುಕುಗಳು ಆ ಸಂದರ್ಭದಲ್ಲಿಯೂ ಹರಿದಾಡಿದವು. ಆದರೆ ಕಣ್ಣಾರೆ ಕಂಡವರು ಊರೂರಿನಲ್ಲಿದ್ದರು. ಸುಳ್ಳನ್ನು ನಿಷೇಧಿಸುವುದಕ್ಕಿಂತ, ಸುಳ್ಳು ನಂಬಲು ಕಷ್ಟವಾಗುವಂತೆ ಸತ್ಯವನ್ನು ಬಯಲಿನಲ್ಲಿಡುವುದು ಹೆಚ್ಚು ಬಾಳುವ ಉಪಾಯ.

ತೈವಾನ್ ಎಡವಿಲ್ಲವೆಂದಲ್ಲ. 2019ರ ಡಿಸೆಂಬರ್ 31ರಂದು ಅಲ್ಲಿಯ ಸಂಸತ್ತು ನುಸುಳುವಿಕೆ ತಡೆ ಕಾಯಿದೆಯನ್ನು ಅಂಗೀಕರಿಸಿತು. ಶತ್ರುಶಕ್ತಿಗಳ ಸೂಚನೆಯ ಮೇರೆಗೆ ಅಥವಾ ಹಣದಿಂದ ಚುನಾವಣಾ ಪ್ರಚಾರ, ದೇಣಿಗೆ, ಲಾಬಿ ನಡೆಸುವವರಿಗೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅದು ಅವಕಾಶ ಕೊಡುತ್ತದೆ. ಅವಸರದಲ್ಲಿ ತಂದ, ಮಾತುಗಳು ಅಸ್ಪಷ್ಟವಾಗಿರುವ ಕಾಯಿದೆ ಇದು ಎಂದು ವಿರೋಧ ಪಕ್ಷ ಟೀಕಿಸಿತು. 2020ರ ನವೆಂಬರಿನಲ್ಲಿ, ಚೀನಾದೊಂದಿಗೆ ದೊಡ್ಡ ವ್ಯಾಪಾರ ಸಂಬಂಧವಿದ್ದ ಉದ್ಯಮಸಮೂಹವೊಂದರ ಸುದ್ದಿವಾಹಿನಿಗೆ ಪರವಾನಗಿ ನವೀಕರಣವನ್ನು ನಿರಾಕರಿಸಲಾಯಿತು. 2023ರ ಮೇ ತಿಂಗಳಲ್ಲಿ ತೈಪೆಯ ಆಡಳಿತ ನ್ಯಾಯಾಲಯ ಆ ನಿರಾಕರಣೆಯನ್ನು ರದ್ದುಪಡಿಸಿ ಮರುಪರಿಶೀಲನೆಗೆ ಆದೇಶಿಸಿತು. ವಾಹಿನಿಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಸರಕಾರದ ಅಂಗಸಂಸ್ಥೆಯೊಂದನ್ನು ಪ್ರಶ್ನಿಸಲು ಅಲ್ಲಿ ನ್ಯಾಯಾಲಯದ ಬಾಗಿಲು ತೆರೆದಿತ್ತು. ಪ್ರಜಾಪ್ರಭುತ್ವಕ್ಕೂ ಅದರ ಎದುರಾಳಿಗೂ ಇರುವ ವ್ಯತ್ಯಾಸ ತಪ್ಪು ಮಾಡದಿರುವುದರಲ್ಲಿಲ್ಲ, ತಪ್ಪನ್ನು ಪ್ರಶ್ನಿಸಲು ಬಿಡುವುದರಲ್ಲಿದೆ.

4

ಹಾಗಾದರೆ ಕಾನೂನಿನ ಪಾತ್ರವೇನು? ಎರಡು ದೇಶಗಳ ಅನುಭವವನ್ನು ಎದುರುಬದುರಾಗಿ ಇಟ್ಟು ನೋಡಬಹುದು.

ಆಸ್ಟ್ರೇಲಿಯಾದಲ್ಲಿ ಚೀನಾದ ನಂಟಿದ್ದ ದಾನಿಯೊಬ್ಬರೊಂದಿಗಿನ ಸಂಬಂಧದ ಕಾರಣದಿಂದ ಒಬ್ಬ ಸೆನೆಟರ್ 2017ರ ಡಿಸೆಂಬರಿನಲ್ಲಿ ರಾಜೀನಾಮೆ ಘೋಷಿಸಬೇಕಾಯಿತು. ಮುಂದಿನ ವರ್ಷ ಸಂಸತ್ತು ವಿದೇಶಿ ಹಸ್ತಕ್ಷೇಪವನ್ನು ಅಪರಾಧವೆಂದು ಸಾರುವ ಕಾಯಿದೆಯನ್ನೂ, ವಿದೇಶಿ ಸರಕಾರಗಳ ಪರವಾಗಿ ರಾಜಕೀಯ ಪ್ರಭಾವ ಬೀರುವವರು ತಮ್ಮ ಹೆಸರನ್ನು ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸಬೇಕೆಂಬ ಕಾಯಿದೆಯನ್ನೂ ತಂದಿತು. ನೋಂದಣಿ ನಿಷೇಧವಲ್ಲ, ಮಾತನಾಡಿ, ಆದರೆ ಯಾರ ಪರವಾಗಿ ಎಂಬುದನ್ನು ತಿಳಿಸಿ ಮಾತನಾಡಿ ಎಂಬ ನಿಬಂಧನೆ ಮಾತ್ರ. ಇದೂ ದೋಷರಹಿತವಲ್ಲ. ಅದರ ಕೊರತೆಗಳನ್ನು ಅಲ್ಲಿಯ ಸಂಸದೀಯ ಸಮಿತಿಯೇ 2024ರಲ್ಲಿ ಎತ್ತಿ ತೋರಿಸಿತು. ಈ ನಡುವೆ, ಕೋವಿಡ್ ಮೂಲದ ಬಗ್ಗೆ ಸ್ವತಂತ್ರ ತನಿಖೆಯಾಗಲಿ ಎಂದು ಆಸ್ಟ್ರೇಲಿಯಾ 2020ರಲ್ಲಿ ಕೇಳಿದ್ದಕ್ಕೆ ಅದರ ಬಾರ್ಲಿಯ ಮೇಲೆ ಶೇ. 80.5ರಷ್ಟು, ದ್ರಾಕ್ಷಾಮದ್ಯದ ಮೇಲೆ ಶೇ. 200ನ್ನೂ ಮೀರಿದ ಸುಂಕಗಳನ್ನು ಚೀನಾ ವಿಧಿಸಿತು. ರೈತರು ನಷ್ಟ ಅನುಭವಿಸಿದರು, ಬೇರೆ ಮಾರುಕಟ್ಟೆಗಳನ್ನು ಹುಡುಕಿಕೊಂಡರು. ದೇಶ ತನ್ನ ಕಾಯಿದೆಗಳನ್ನು ಹಿಂತೆಗೆದುಕೊಳ್ಳಲಿಲ್ಲ. ಬಾರ್ಲಿಯ ಸುಂಕ 2023ರಲ್ಲಿ, ಮದ್ಯದ ಸುಂಕ 2024ರಲ್ಲಿ ರದ್ದಾದವು. ಸ್ವಾತಂತ್ರ್ಯಕ್ಕೆ ಬೆಲೆಯುಂಟು, ಆ ಬೆಲೆಯನ್ನು ಎಲ್ಲರಿಗಿಂತ ಮೊದಲು ತೆರುವವರು ಭಾಷಣ ಮಾಡುವವರಲ್ಲ, ಬೆಳೆ ಬೆಳೆಯುವವರು ಎಂಬುದನ್ನೂ ಈ ಪ್ರಸಂಗ ಕಲಿಸುತ್ತದೆ.

ಇನ್ನೊಂದು ಉದಾಹರಣೆ ಜಾರ್ಜಿಯಾದ್ದು. ಕಪ್ಪುಸಮುದ್ರದ ದಡದ ಈ ಪುಟ್ಟ ದೇಶದ ಸಂಸತ್ತು 2024ರ ಮೇ ತಿಂಗಳಲ್ಲಿ ವಿದೇಶಿ ಪ್ರಭಾವದ ಪಾರದರ್ಶಕತೆ ಎಂಬ ಹೆಸರಿನ ಕಾಯಿದೆಯನ್ನು, ಬೀದಿಗಿಳಿದ ಅಪಾರ ಜನಸ್ತೋಮದ ವಿರೋಧವನ್ನೂ ಅಧ್ಯಕ್ಷೆಯ ನಿರಾಕರಣೆಯನ್ನೂ ಲೆಕ್ಕಿಸದೆ ಅಂಗೀಕರಿಸಿತು. ಶೇ. 20ಕ್ಕಿಂತ ಹೆಚ್ಚು ಹಣವನ್ನು ಹೊರದೇಶದಿಂದ ಪಡೆಯುವ ಸ್ವಯಂಸೇವಾ ಸಂಸ್ಥೆಗಳೂ ಪತ್ರಿಕೆಗಳೂ ತಾವು ವಿದೇಶಿ ಶಕ್ತಿಯ ಹಿತಸಾಧಕರೆಂದು ನೋಂದಾಯಿಸಿಕೊಳ್ಳಬೇಕು ಎಂಬುದು ಅದರ ವಿಧಿ. ಸಂಸ್ಥೆ ಏನು ಮಾಡುತ್ತಿದೆ, ಯಾರ ಸೂಚನೆಯಂತೆ ಮಾಡುತ್ತಿದೆ ಎಂಬ ಪ್ರಶ್ನೆ ಇಲ್ಲಿಲ್ಲ. ಹಣ ಬಂದರೆ ಸಾಕು, ಹಣೆಪಟ್ಟಿ ಸಿದ್ಧ. ರಷ್ಯಾ 2012ರಲ್ಲಿ ತಂದ 'ವಿದೇಶಿ ಏಜೆಂಟ್' ಕಾಯಿದೆಯ ಪಡಿಯಚ್ಚು ಇದು ಎಂದು ಪ್ರತಿಭಟಿಸಿದವರು ಹೇಳಿದರು. 2025ರಲ್ಲಿ ಇನ್ನೂ ಬಿಗಿಯಾದ ಕಾಯಿದೆಗಳು ಬಂದವು. ಹೊರಗಿನ ಪ್ರಭಾವವನ್ನು ತಡೆಯುವ ಹೆಸರಿನಲ್ಲಿ ಹೊರಗಿನ ನಿರಂಕುಶ ಪ್ರಭುತ್ವದ ವಿಧಾನವನ್ನೇ ಮನೆಗೆ ತಂದುಕೊಳ್ಳುವುದಕ್ಕಿಂತ ದೊಡ್ಡ ವಿಪರ್ಯಾಸ ಯಾವುದಿದ್ದೀತು? ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಭಾರತೀಯರಾದ ನಮಗೆ ಈ ಕಥೆ ಅಪರಿಚಿತವಲ್ಲ. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾದ ಕಾಲದಲ್ಲಿ ಅಧಿಕಾರದಲ್ಲಿದ್ದವರ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದ್ದ ಮಾತು 'ವಿದೇಶಿ ಕೈವಾಡ'. ಪತ್ರಿಕೆಗಳ ಮೇಲೆ ಸೆನ್ಸಾರ್ ಬಂದಿತು. ಜೂನ್ 28ರಂದು 'ಇಂಡಿಯನ್ ಎಕ್ಸ್‌ಪ್ರೆಸ್' ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪ್ರಕಟವಾಯಿತು. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ನಮ್ಮ ಮೊದಲ ಕಾಯಿದೆ ಜಾರಿಗೆ ಬಂದದ್ದೂ ತುರ್ತುಪರಿಸ್ಥಿತಿಯ ನಡುವೆಯೇ, 1976ರಲ್ಲಿ. 2010ರಲ್ಲಿ ಅದರ ಜಾಗಕ್ಕೆ ಹೊಸ ಕಾಯಿದೆ ಬಂದಿತು. ಅದರ ಬಳಕೆಯ ಬಗೆಗಿನ ವಾದವಿವಾದ ಇನ್ನೂ ಮುಗಿದಿಲ್ಲ. ಹೊರಗಿನ ಹಣದ ಮೇಲೆ ಕಣ್ಣಿಡುವುದು ತಪ್ಪಲ್ಲ. ಆದರೆ 'ಹೊರಗಿನವರ ಕೈ' ಎಂಬ ಮಾತು ಒಳಗಿನವರ ಬಾಯಿ ಮುಚ್ಚಿಸಲು ಎಷ್ಟು ಅನುಕೂಲವಾದ ಬಟ್ಟೆ ಎಂಬುದನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿದೆ.

ಆ ಕಾಲದಲ್ಲಿ ಸಾಹಿತಿಗಳು ಏನು ಮಾಡಿದರು ಎಂಬುದನ್ನೂ ಮರೆಯಬಾರದು. ಶಿವರಾಮ ಕಾರಂತರು ತಮಗೆ ಬಂದಿದ್ದ ಪದ್ಮಭೂಷಣವನ್ನು ಹಿಂದಿರುಗಿಸಿದರು. 1975ರಲ್ಲಿ ಕರಾಡದಲ್ಲಿ ನಡೆದ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆ ದುರ್ಗಾ ಭಾಗವತರು ವೇದಿಕೆಯ ಮೇಲಿನಿಂದಲೇ ತುರ್ತುಪರಿಸ್ಥಿತಿಯನ್ನು ಖಂಡಿಸಿದರು. ಮುಂದೆ ಸೆರೆಮನೆಯನ್ನೂ ಕಂಡರು. ಒಬ್ಬರು ಕಡಲತಡಿಯ ಕನ್ನಡಿಗರು, ಮತ್ತೊಬ್ಬರು ಮುಂಬಯಿಯ ಗ್ರಂಥಾಲಯಗಳಲ್ಲಿ ಬದುಕು ಸವೆಸಿದ ವಿದುಷಿ. ಇಬ್ಬರ ಕೈಯಲ್ಲೂ ಇದ್ದದ್ದು ಮಾತು ಮಾತ್ರ. ಮರಾಠಿಯ ನಡುವೆ ಕನ್ನಡವನ್ನು ಕಟ್ಟಿಕೊಂಡು ಬಂದಿರುವ ನಮಗೆ ಈ ಎರಡು ಹೆಸರುಗಳನ್ನು ಒಟ್ಟಿಗೆ ನೆನೆಯುವ ಹಕ್ಕೂ ಇದೆ, ಹೊಣೆಯೂ ಇದೆ.

5

ಇಷ್ಟು ಉದಾಹರಣೆಗಳಿಂದ ನನಗೆ ಹೊಳೆಯುವ ಒಂದು ಒರೆಗಲ್ಲನ್ನು ಇಲ್ಲಿ ಸೂಚಿಸುತ್ತೇನೆ. ಹೊರಗಿನ ನಿರಂಕುಶ ಪ್ರಭಾವದಿಂದ ದೇಶವನ್ನು ಕಾಯಲು ಎಂದು ಹೇಳಿ ತರುವ ಯಾವ ಕ್ರಮವನ್ನಾಗಲಿ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಇದು ಪ್ರಜೆಯ ತಿಳಿಯುವ ಶಕ್ತಿಯನ್ನು ಹೆಚ್ಚಿಸುತ್ತದೆಯೋ, ಅಥವಾ ಆಳುವವರ ಮೌನವಾಗಿಸುವ ಶಕ್ತಿಯನ್ನು ಹೆಚ್ಚಿಸುತ್ತದೆಯೋ? ತೈವಾನಿನ ಸ್ವಯಂಸೇವಕರು, ಅಲ್ಲಿಯ ಬಯಲು ಎಣಿಕೆ, ಆಸ್ಟ್ರೇಲಿಯಾದ ಸಾರ್ವಜನಿಕ ದಾಖಲೆ ಇವು ಮೊದಲ ಬಗೆಯವು. ಜಾರ್ಜಿಯಾದ ಹಣೆಪಟ್ಟಿ, 1975ರ ಸೆನ್ಸಾರು ಎರಡನೆಯ ಬಗೆಯವು. ಎರಡರ ನಡುವಿನ ಗೆರೆ ಯಾವಾಗಲೂ ಸ್ಪಷ್ಟವಾಗಿರುವುದಿಲ್ಲ ಎಂಬುದು ನಿಜ. ಆದರೆ ಪ್ರಶ್ನೆಯನ್ನು ಕೇಳುವುದನ್ನೇ ಬಿಟ್ಟರೆ ಗೆರೆ ಅಳಿಸಿಹೋಗುವುದು ಖಂಡಿತ.

ಮುಕ್ತ ಸಮಾಜವು ನಿಧಾನವಾದುದು, ಗದ್ದಲದ್ದು, ಎದುರಾಳಿಯ ವೇಗಕ್ಕೆ ಅದು ಸಾಟಿಯಲ್ಲ. ಹಾಗಾಗಿ ಒಂದಿಷ್ಟು ಕಠೋರತೆ ಅನಿವಾರ್ಯ ಎಂದು ವಾದಿಸುವವರಿದ್ದಾರೆ. ಈ ವಾದವನ್ನು ಹಗುರಾಗಿ ತಳ್ಳಿಹಾಕಲಾರೆ. ಯಂತ್ರಗಳೇ ಮನುಷ್ಯರ ದನಿ, ಮುಖಗಳನ್ನು ನಕಲು ಮಾಡಿ ಸುಳ್ಳನ್ನು ಕ್ಷಣಾರ್ಧದಲ್ಲಿ ಸಾವಿರ ಭಾಷೆಗಳಿಗೆ ಹೊಂದಿಸಿಕೊಡುವ ಈ ದಿನಗಳಲ್ಲಿ ಸ್ವಯಂಸೇವಕರ ತಾಳ್ಮೆ ಮಾತ್ರ ಸಾಲದೇನೋ ಎಂಬ ಅಳುಕು ನನಗೂ ಇದೆ. ಬೇಹುಗಾರಿಕೆ, ಬೆದರಿಕೆ, ಲಂಚಗಳಿಗೆ ಶಿಕ್ಷೆ ಆಗಲೇಬೇಕು. ಆದರೆ ಅಭಿಪ್ರಾಯಕ್ಕೆ ಶಿಕ್ಷೆ ವಿಧಿಸತೊಡಗಿದ ದಿನ ನಾವು ಯಾವುದನ್ನು ಕಾಯಲು ಹೊರಟೆವೋ ಅದನ್ನೇ ಕಳೆದುಕೊಂಡಿರುತ್ತೇವೆ. ಅನಂತರ ಗೆದ್ದರೇನು, ಸೋತರೇನು?

ಸರಕಾರಗಳು ಮಾಡಬೇಕಾದದ್ದು ಹಲವು. ನಮ್ಮಂಥವರು ಮಾಡಬೇಕಾದದ್ದು ಸಣ್ಣದು, ಆದರೆ ಸುಲಭವಲ್ಲ. ಕೇಂಬ್ರಿಜ್‌ನ ಲೇಖನಗಳು ಮರಳಿ ಬಂದದ್ದು ಯಾವ ರಾಯಭಾರಿಯ ಪತ್ರದಿಂದಲೂ ಅಲ್ಲ. ತಮ್ಮ ಹೆಸರು ಬರೆದು ಸಹಿ ಹಾಕಿದ ಅಧ್ಯಾಪಕರಿಂದ. ಅವರಲ್ಲಿ ಎಷ್ಟೋ ಮಂದಿಗೆ ಚೀನಾಕ್ಕೆ ಹೋಗಿ ಸಂಶೋಧನೆ ನಡೆಸುವುದೇ ಜೀವನದ ಕಸುಬು. ವೀಸಾ ಸಿಗದಿದ್ದರೆ ಅವರ ಕೆಲಸ ಅಲ್ಲಿಗೆ ನಿಂತಂತೆ. ಅದನ್ನು ತಿಳಿದೂ ಸಹಿ ಹಾಕಿದರು. ಒಬ್ಬೊಬ್ಬರೇ ಆಗಿದ್ದರೆ ಹೆದರುತ್ತಿದ್ದರೇನೋ. ಒಟ್ಟಾಗಿ ನಿಂತಾಗ ಮೂರು ನಾಲ್ಕು ದಿನಗಳಲ್ಲಿ ಫಲ ದೊರೆಯಿತು. ಪ್ರಜಾಪ್ರಭುತ್ವದ ಕಾವಲು ಎಂಬುದು ಗಡಿಯಲ್ಲಿ ಮಾತ್ರ ನಡೆಯುವ ಕೆಲಸವಲ್ಲ. ಸಂಪಾದಕನ ಮೇಜು, ಅಧ್ಯಾಪಕನ ತರಗತಿ, ಗ್ರಂಥಪಾಲಕನ ಕಪಾಟು ಇವೂ ಅದರ ಠಾಣೆಗಳೇ.

ಹೊರನಾಡಿನಲ್ಲಿ ಕನ್ನಡವನ್ನು ಕಲಿಸುತ್ತ, ಬರೆಯುತ್ತ ಬಂದಿರುವ ನಮ್ಮ ವಿಭಾಗಗಳು ಎಂದೂ ದೊಡ್ಡ ಅಧಿಕಾರದ ಆಸರೆಯಿಂದ ಬೆಳೆದವಲ್ಲ. ವಿದ್ಯಾರ್ಥಿಗಳ ಸಂಖ್ಯೆ ಕಡಿಮೆ, ಅನುದಾನ ಕಡಿಮೆ. ದಾನಿಗಳ ಔದಾರ್ಯದ ಮೇಲಿನ ಅವಲಂಬನೆ ಹೆಚ್ಚು. ಇಂಥ ಕಡೆ 'ಇದೊಂದು ವಾಕ್ಯ ಬೇಡ' ಎಂಬ ಒಳದನಿ ಬೇಗ ಹುಟ್ಟುತ್ತದೆ. ಆ ದನಿ ನಮ್ಮದೋ, ನಮ್ಮೊಳಗೆ ಬಂದು ಕುಳಿತ ಭಯದ್ದೋ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ನಾನು ಅಂದು ತೆಗೆದುಹಾಕಿದ ಎರಡು ಪರಿಚ್ಛೇದಗಳ ಹಸ್ತಪ್ರತಿ ಈಗ ನನ್ನ ಬಳಿ ಇಲ್ಲ. ಬಹುಶಃ ಆ ಲೇಖಕರ ಬಳಿಯೂ ಉಳಿದಿರಲಾರದು. ಅದರಲ್ಲಿ ಜಗತ್ತನ್ನು ಬದಲಿಸುವಂಥ ಮಾತೇನೂ ಇರಲಿಲ್ಲ. ಆದರೆ ಅದು ಅವರ ಮಾತಾಗಿತ್ತು, ಓದುಗರಿಗೆ ಸಲ್ಲಬೇಕಾದದ್ದಾಗಿತ್ತು, ನಡುವೆ ನಿಂತವನು ನಾನು. ಈ ಸಂಪುಟದ ಸಂಪಾದಕರು ನನ್ನ ಈ ಬರಹದಲ್ಲಿ ಯಾವುದಾದರೂ ಸಾಲು ಒಪ್ಪಿಗೆಯಾಗದಿದ್ದರೆ ಅದನ್ನು ತೆಗೆಯದೆ, ಅದರ ಕೆಳಗೆ ತಮ್ಮ ಭಿನ್ನಾಭಿಪ್ರಾಯವನ್ನು ಅಚ್ಚುಮಾಡಬೇಕೆಂದು ವಿನಂತಿಸಿಕೊಳ್ಳುತ್ತ ಈ ಮಾತುಗಳನ್ನು ಮುಗಿಸುತ್ತೇನೆ.